ಮೂರನೇ ಕೂಗು

ರೋಣದ ಕೋರ್ಟಿನ ಬಾಗಿಲಲ್ಲಿ ನಿಂತು ಜವಾನ ನನ್ನ ಹೆಸರು ಕೂಗಿದಾಗ ನಾನು ಅವನಿಗೆ ಎದುರಾಗಿಯೇ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದೆ. ಆ ಕೂಗಿಗೆ ತನ್ನದೇ ಒಂದು ರಾಗ ಇರುತ್ತದೆ. ಹೆಸರಿನ ಕೊನೆಯ ಅಕ್ಷರವನ್ನು ಎಳೆದೆಳೆದು ಮೇಲಕ್ಕೊಯ್ದು, ಅಲ್ಲಿಂದ ‘ಹಾಜರ್’ ಅನ್ನುವ ಮಾತನ್ನು ತುಂಬಿದ ಕೊಡ ಬೋರಲು ಹಾಕಿದ ಹಾಗೆ ಒಮ್ಮೆಲೆ ಸುರಿದುಬಿಡುವ ರಾಗ. ‘ರೇಣುಕಾ... ಹಾಜರ್?’ ಅಂದ. ನಾನು ಸುಮ್ಮನೆ ಕೂತೆ. ಕಿವಿ ನೆಟ್ಟಗಾದವು, ಬಾಯಿ ಮಾತ್ರ ತೆರೆಯಲಿಲ್ಲ. ಎರಡನೇ ಸಲ ಕೂಗಿದ. ನಮ್ಮ ವಕೀಲರು ಒಳಗಿನಿಂದ ಕತ್ತು ಉದ್ದ ಮಾಡಿ, ಬರ್ರಿ ಬರ್ರಿ ಎಂದು ಕೈ ಬೀಸಿದರು. ಆಗಲೂ ಕೂತೇ ಇದ್ದೆ. ಮೂರನೇ ಸಲ ಅವನು ಸಿಟ್ಟಿನಿಂದಲೇ ಕೂಗಿದ ಮೇಲೆ ‘ಹಾಜರ್ರೀ’ ಎಂದು ಎದ್ದು ನಿಂತೆ. ಅಕ್ಕಾರ, ಕಿವಿ ಮಂದ ಅದಾವೇನ್ರಿ ಅಂತ ಜವಾನ ಕೇಳಿದ. ಕಿವಿ ಚಲೋ ಅದಾವಪಾ, ಮೂರನೇ ಕೂಗಿಗೆ ಕಾಯಾಕತ್ತಿದ್ದೆ ಅಂದೆ. ಅಲ್ಲಿದ್ದ ನಾಲ್ಕು ಮಂದಿ ನಕ್ಕರು. ಅಪ್ಪ ತೀರಿಕೊಂಡ ಮೇಲೆ ಗಜೇಂದ್ರಗಡದ ಅವನ ಮನೆ ನನ್ನ ಹೆಸರಿಗೆ ಆಗಬೇಕಿತ್ತು, ಆ ವಾರಸಾ ಕೆಲಸ ಒಳಗೆ ಹೋದ ಸ್ವಲ್ಪ ಹೊತ್ತಿನಲ್ಲೇ ಮುಗಿಯಿತು. ಆದರೆ ಆ ಕೂಗು ಕಿವಿಯಿಂದ ಇಳಿಯಲಿಲ್ಲ. ನರಗುಂದದ ನನ್ನ ಮನೆಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಅದನ್ನು ಬಿಟ್ಟು ಗಜೇಂದ್ರಗಡದ ಬಸ್ಸು ಹತ್ತಿದೆ.

ಗಜೇಂದ್ರಗಡದ ಗುಡ್ಡದ ಕೆಳಗೆ ನಮ್ಮ ಓಣಿ. ಹೆಸರು ಕಚೇರಿ ಓಣಿ. ಓಣಿಯ ತುದಿಗೆ ಜಾಗೀರದಾರರ ಕಾಲದ ಒಂದು ನ್ಯಾಯದ ಕಚೇರಿ ಇತ್ತು. ದಪ್ಪ ಕಲ್ಲಿನ ಗೋಡೆ, ತೇಗದ ಕಂಬ, ಬಾಗಿಲಲ್ಲಿ ಬಾಗಿದ ಬೇವಿನ ಗಿಡ. ಕಲಾಪ ನಿಂತು ಎಷ್ಟೋ ವರ್ಷವಾಗಿತ್ತು, ಕಾಗದಪತ್ರಗಳೆಲ್ಲ ಬೇರೆ ಕಡೆ ಹೋಗಿದ್ದವು. ಊರವರಿಗೆ ಅದು ದೆವ್ವದ ಕಚೇರಿ. ಅಲ್ಲಿಂದ ಐದಾರು ಮನೆ ಈಚೆಗೆ ನಮ್ಮದು. ಎರಡೇ ಖೋಲಿ, ಎರಡರಲ್ಲೂ ಒಂದೊಂದು ಕುಣಿ ಮಗ್ಗ. ಅಂದರೆ ಮನೆ ಮಗ್ಗದ್ದು, ನಾವು ಉಳಿದ ಜಾಗದಲ್ಲಿ ಇರುವವರು. ಅಪ್ಪ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು ಪಟ್ಟೇದ ಅಂಚಿನ ಸೀರೆ ನೇಯುತ್ತಿದ್ದ. ಇನ್ನೊಂದು ಮಗ್ಗದಲ್ಲಿ ಅವ್ವ. ಮೂಲೆಯಲ್ಲಿ ರಾಟಿ ಇಟ್ಟುಕೊಂಡು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವವಳು ಆಯಿ, ಅಂದರೆ ಅಪ್ಪನ ತಾಯಿ. ಗಂಜಿ ಹಾಕಿದ ನೂಲಿನ ಹುಳಿ ವಾಸನೆ ನಮ್ಮ ರೊಟ್ಟಿಗೂ ಇರುತ್ತಿತ್ತು, ಹಾಸಿಗೆಗೂ ಇರುತ್ತಿತ್ತು. ಇವತ್ತಿಗೂ ಎಲ್ಲಾದರೂ ಅನ್ನದ ಗಂಜಿ ಬಸಿಯುವ ವಾಸನೆ ಬಂದರೆ ನಾನು ಲಂಗ ಎತ್ತಿಕೊಂಡು ಹಾಸಿನ ಎಳೆ ತುಳಿಯದಂತೆ ದಾಟುವ ಹುಡುಗಿಯಾಗುತ್ತೇನೆ. ಅಪ್ಪನದು ಮಾತು ಕಮ್ಮಿ. ಮಗ್ಗದ ಮೇಲಿದ್ದಾಗ ಅವನನ್ನು ಯಾರೂ ಕರೆಯಬಾರದು ಎಂಬುದೊಂದೇ ಅವನ ಕಟ್ಟಳೆ. ಎಳೆಗಳ ನಡುವೆ ಅತ್ತಿತ್ತ ಓಡುವ ಲಾಳಿ ನಡುದಾರಿಯಲ್ಲಿ ಇದ್ದಾಗ ಕರೆದರೆ ಕೈ ತಪ್ಪುತ್ತದೆ, ಎಳೆ ಹರಿಯುತ್ತದೆ. ಅದನ್ನು ಕೂಡಿಸಿದ ಗಂಟು ಸೀರೆ ಇರುವವರೆಗೂ ಕಾಣುತ್ತದೆ ಅನ್ನುತ್ತಿದ್ದ.

ಕಚೇರಿಯ ದೆವ್ವ ಯಾರೋ ಗುರುತಿಲ್ಲದವರಲ್ಲ. ಇಮಾಮಸಾಬ ಅಂತ, ಕಚೇರಿ ನಡೆಯುತ್ತಿದ್ದಾಗ ಬಾಗಿಲಲ್ಲಿ ನಿಂತು ಹೆಸರು ಕೂಗುವ ಪಟ್ಟೇವಾಲ. ಅವನು ಕೂಗಿದರೆ ಗುಡ್ಡದ ಮೇಲಿನ ಕೋಟೆಗೆ ಬಡಿದು ದನಿ ತಿರುಗಿ ಬರುತ್ತಿತ್ತಂತೆ. ಕಕ್ಷಿದಾರರನ್ನು ಮೂರು ಸಲ ಕೂಗಬೇಕು, ಮೂರಕ್ಕೂ ಬರದಿದ್ದರೆ ಗೈರು ಎಂದು ಬರೆಯಬೇಕು, ಇದು ಪದ್ಧತಿ. ಒಂದು ದಿನ ಅವನು ಯಾರನ್ನೋ ಎರಡು ಸಲ ಕೂಗಿದ. ಮೂರನೇದಕ್ಕೆ ಉಸಿರು ಎಳೆದುಕೊಂಡವನು ಹಾಗೇ ಬೇವಿನ ಗಿಡಕ್ಕೆ ಆತು ಕುಸಿದ. ಮೂರನೇ ಕೂಗು ಬಾಕಿ ಉಳಿಯಿತು. ಅವತ್ತಿನಿಂದ ಇಮಾಮಸಾಬ ಸಂಜೆಯಾದರೆ ಕೂಗುತ್ತಾನೆ, ಎರಡೇ ಸಲ ಕೂಗುತ್ತಾನೆ, ಅವನಿಗೆ ಓ ಅಂದವರನ್ನು ಮೇಲಿನ ಕೋರ್ಟಿಗೆ ಕರೆದುಕೊಂಡು ಹೋಗುತ್ತಾನೆ ಎಂದು ಊರು ನಂಬಿತ್ತು. ಹಾಗಾಗಿ ನಮ್ಮ ಓಣಿಯಲ್ಲಿ ಒಂದು ರೀತಿ ಹುಟ್ಟಿಕೊಂಡಿತ್ತು. ಯಾರು ಕರೆದರೂ ಮೂರು ಸಲ ಕರೆಯಬೇಕು, ಮೂರನೇದಕ್ಕಷ್ಟೇ ಓ ಅನ್ನಬೇಕು. ಮೂರು ಸಲ ಕರೆದವರು ಮನುಷ್ಯರು, ಎರಡಕ್ಕೆ ಬಿಟ್ಟದ್ದು ಇಮಾಮಸಾಬ. ಸಂಜೆಗೆ ಇದ್ದ ರೀತಿ ಬರಬರುತ್ತ ಹಗಲಿಗೂ ಬಂತು. ಬಳೆಗಾರ, ಹಾಲಿನವ, ಟಪಾಲಿನವ ಎಲ್ಲರೂ ನಮ್ಮ ಓಣಿಗೆ ಬಂದರೆ ಮೂರು ಸಲ ಕೂಗಿಯೇ ನಿಲ್ಲುತ್ತಿದ್ದರು. ಪುರ್ತಗೇರಿಯಿಂದ ಬಂದ ಒಬ್ಬ ಹೊಸ ಅಳಿಯ, ಹೆಂಡತಿಯನ್ನು ಒಂದೊಂದೇ ಸಲ ಕರೆದು ಕರೆದು, ಇಕಿ ನನ್ನ ಮ್ಯಾಲ ಸಿಟ್ಟಾಗ್ಯಾಳ ಅಂತ ತಿಳಿದು ಊಟ ಬಿಟ್ಟು ಊರಿಗೆ ಹೋಗಿದ್ದ. ಅವನನ್ನು ತಿರುಗಿ ಕರೆತರಲು ಹೋದವರು ಅವನ ಮನೆಯ ಮುಂದೆ ನಿಂತು ರೂಢಿಯಂತೆ ಮೂರು ಸಲ ಕೂಗಿದರು. ಅವನು ಮೊದಲನೇದಕ್ಕೇ ಓಡಿ ಬಂದ.

ನನಗೆ ಈ ರೀತಿ ತೊಂದರೆ ಕೊಟ್ಟದ್ದು ಸಾಲಿಯಲ್ಲಿ. ಬೇರೆ ಸೀಮೆಯಿಂದ ಹೊಸದಾಗಿ ಬಂದ ಮಾಸ್ತರು ಹಾಜರಿ ಕರೆಯುವಾಗ ಒಬ್ಬೊಬ್ಬರ ಹೆಸರು ಒಂದೊಂದೇ ಸಲ ಓದುತ್ತಿದ್ದರು. ಕಚೇರಿ ಓಣಿಯ ನಾವೆಲ್ಲ ಮುಂದಿನ ಸಾಲಿನಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತ ಕೂತಿರುತ್ತಿದ್ದೆವು. ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ತಿಂಗಳು ಮುಗಿಯುವುದರೊಳಗೆ ನಾವೆಲ್ಲ ಸಾಲಿಗೆ ಬರುವುದೇ ಇಲ್ಲ ಎಂದಾಯಿತು. ಮಾಸ್ತರು ದೂರು ಹೇಳಲು ಓಣಿಗೇ ಬಂದರು. ನಮ್ಮ ಮನೆಯ ಮುಂದೆ ನಿಂತು ಯಜಮಾನ್ರೇ ಎಂದು ಒಂದು ಸಲ ಕರೆದರು. ಒಳಗೆ ಅಪ್ಪ ಇದ್ದ, ಅವ್ವ ಇದ್ದಳು, ಆಯಿ ಇದ್ದಳು. ಯಾರೂ ಓ ಅನ್ನಲಿಲ್ಲ. ಮನೆ ಮಂದಿಗೆಲ್ಲ ಇದೇ ರೋಗ ಎಂದು ಅವರಿಗೆ ಅನಿಸಿರಬೇಕು. ಕೊನೆಗೆ ಆಯಿಯೇ ಹೊರಗೆ ಬಂದು, ಮಜ್ಜಿಗೆ ಕೊಟ್ಟು, ಇಮಾಮಸಾಬನ ಕತೆ ಹೇಳಿದಳು. ಮಾಸ್ತರು ನಗಲಿಲ್ಲ, ಬೈಯಲೂ ಇಲ್ಲ. ಮರುದಿನದಿಂದ ನಮ್ಮ ಓಣಿಯ ಮಕ್ಕಳ ಹೆಸರನ್ನು ಮೂರು ಸಲ ಓದತೊಡಗಿದರು. ಒಳ್ಳೆಯವರು. ಈಗ ನಾನೂ ನರಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಯಾವ ಮಗುವನ್ನೂ ಒಂದೇ ಕೂಗಿಗೆ ಗೈರು ಅಂತ ಬರೆಯುವುದಿಲ್ಲ. ಮಕ್ಕಳು ಇದನ್ನು ಟೀಚರಿನ ಚಾಳಿ ಅಂದುಕೊಂಡಿದ್ದಾರೆ.

ಹತ್ತನೇ ಇಯತ್ತೆಗೆ ಬಂದಾಗ ಅಪ್ಪ ಒಂದು ಮಾತು ಹೇಳಿದ. ಪಾಸಾದರೆ ಕಾಲೇಜಿಗೆ ಕಳಿಸುತ್ತೇನೆ, ನಪಾಸಾದರೆ ಮಗ್ಗಕ್ಕೆ ಕೂಡಬೇಕು, ಒಳ್ಳೆ ಮನೆತನ ಬಂದರೆ ಮದುವೆ. ಇದರಲ್ಲಿ ಬಿರುಸಿನ ಮಾತೇನೂ ಇರಲಿಲ್ಲ. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆಯ ಮುಖ ನೋಡಿದವರೇ ಇರಲಿಲ್ಲ, ಪಾಸಾಗುವುದು ಅಂದರೆ ಏನೆಂದು ಅವನಿಗೂ ಗೊತ್ತಿರಲಿಲ್ಲ. ನನಗೆ ಓದಲು ಮನಸ್ಸಿತ್ತು, ಜಾಗ ಇರಲಿಲ್ಲ. ಎರಡು ಮಗ್ಗ ಒಮ್ಮೆಲೆ ನಡೆಯುವ ಮನೆಯಲ್ಲಿ ಓದಿ ನೋಡಿದವರಿಗೆ ಗೊತ್ತು. ಒಂದರ ಠಕ್ ಮುಗಿಯುವುದರೊಳಗೆ ಇನ್ನೊಂದರ ಠಕ್. ಓದಿದ ಸಾಲು ತಲೆಗೆ ಹೋಗುವ ಮುಂಚೆಯೇ ಲಾಳಿಯ ಹಿಂದೆ ಓಡಿ ಹೋಗಿರುತ್ತಿತ್ತು. ಮಗ್ಗ ನಿಲ್ಲಿಸಿರಿ ಎಂದು ಹೇಗೆ ಹೇಳುವುದು? ಅದು ನಿಂತರೆ ಒಲೆಯೂ ನಿಲ್ಲುತ್ತಿತ್ತು. ಬಾಗಿಲ ಕಟ್ಟೆಯ ಮೇಲೆ ಕೂತರೆ ಓಣಿಯಲ್ಲಿ ಹನ್ನೆರಡು ಮಗ್ಗ. ಒಂದು ದಿನ ತಿಮಾಹಿ ಪರೀಕ್ಷೆಯ ಅಂಕ ಕಡಿಮೆ ಬಂದು ನಾನು ರಾಟಿಯ ಮಗ್ಗುಲಲ್ಲಿ ಅಳುತ್ತ ಕೂತಿದ್ದಾಗ ಆಯಿ ಸೆರಗು ಝಾಡಿಸಿ ಎದ್ದಳು. ನಡಿ, ನಿನಗ ಒಂದ ಜಾಗಾ ತೋರಸ್ತೇನಿ ಅಂದಳು. ಓಣಿಯ ತುದಿಯವರೆಗೂ ಕೈ ಹಿಡಿದು ನಡೆಸಿಕೊಂಡು ಹೋದಳು. ಬೇವಿನ ಗಿಡ ಕಂಡಾಗ ನನ್ನ ಕಾಲು ಮುಂದೆ ಹೋಗಲಿಲ್ಲ.

“ಆಯೀ, ದೆವ್ವ...”

“ಐತಿ. ಇಲ್ಲಂತ ಯಾರಂದ್ರು? ಅದಕ್ಕ ಇಲ್ಲಿ ಒಂದ ನರಪಿಳ್ಳಿ ಬರೂದಿಲ್ಲ. ನಿನಗ ಬೇಕಾದ್ದೂ ಅದ ಅಲ್ಲ?” ಅಂದಳು ಆಯಿ. “ಇಮಾಮಸಾಬಗ ಓದಾಕ ಬರತಿರಲಿಲ್ಲ ಯವ್ವಾ. ನೀ ಪುಸ್ತಕ ತಗದ್ರ ಅಂವಾ ದೂರ ಸರದ ನಿಂದರತಾನ.”

ಆಯಿಗೆ ಅಂಜಿಕೆ ಯಾಕಿರಲಿಲ್ಲ ಅಂದರೆ ಅವಳಿಗೆ ಇಮಾಮಸಾಬ ಗುರುತಿನವನು. ಹೊಸದಾಗಿ ಈ ಓಣಿಗೆ ಸೊಸೆಯಾಗಿ ಬಂದಾಗ ಅವಳು ಅದೇ ಬೇವಿನ ಗಿಡದ ಕೆಳಗೆ ಗಡಿಗೆ ಇಟ್ಟುಕೊಂಡು ಕಕ್ಷಿದಾರರಿಗೆ ಮಜ್ಜಿಗೆ ಮಾರುತ್ತಿದ್ದಳು. ಕೂಗಿ ಕೂಗಿ ಗಂಟಲು ಒಣಗಿದ ಇಮಾಮಸಾಬನಿಗೆ ದಿನಾ ಒಂದು ತಂಬಿಗೆ. ಸಂಭಾವಿತ ಮನುಷ್ಯ, ಕೆಳಗೆ ನೋಡಿಯೇ ಮಾತಾಡುತ್ತಿದ್ದ. ಬದುಕಿದ್ದಾಗ ಅಷ್ಟು ಸಂಭಾವಿತನಾಗಿದ್ದವನು ಸತ್ತ ಮೇಲೆ ಕೆಡುತ್ತಾನೆಯೇ ಎಂಬುದು ಆಯಿಯ ವಾದ. ಅವತ್ತೂ ಒಂದು ವಾಟಿಗದಲ್ಲಿ ಮಜ್ಜಿಗೆ ತಂದಿದ್ದಳು. ಹೊಸ್ತಿಲ ಮೇಲೆ ಇಟ್ಟು, ಇಮಾಮಸಾಬ, ಇಕಿ ನನ್ನ ಮಮ್ಮಗಳು, ಇನ್ನ ದಿನಾ ಬರತಾಳ, ನೋಡ್ಕೋ ಅಂದಳು. ನಾವು ಒಳಗೆ ಹೋಗಿ ಹೊರಗೆ ಬರುವುದರೊಳಗೆ ವಾಟಿಗ ಖಾಲಿಯಾಗಿತ್ತು. ಆಯಿ ತೋರಿಸಿದ ಕಡೆ ನೋಡಿದರೆ ಕಂಬದ ಮರೆಯಲ್ಲಿ ಒಂದು ಕರಿ ಬೆಕ್ಕು ಮೀಸೆ ನೆಕ್ಕುತ್ತಿತ್ತು. ಆ ಬೆಕ್ಕಿಗೆ ನಾವು ಇಮಾಮಸಾಬನ ಗೌರವಕ್ಕೆ ‘ಪಟ್ಟೇವಾಲ’ ಎಂದೇ ಹೆಸರಿಟ್ಟೆವು.

ಒಳಗಿನ ತಂಪನ್ನು ಹೇಗೆ ಹೇಳಲಿ! ಹೊರಗೆ ಬಿಸಿಲು ಧಗಧಗ ಅನ್ನುವಾಗ ಆ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟರೆ ಹೊಸ ಮಣ್ಣಿನ ಗಡಿಗೆಗೆ ಕೆನ್ನೆ ಹಚ್ಚಿದ ಹಾಗೆ ಇರುತ್ತಿತ್ತು. ಪಾರಿವಾಳದ ಹಿಕ್ಕೆ, ಹಳೆಯ ತೇಗ, ಉದುರಿದ ಬೇವಿನಹಣ್ಣು, ಮೂರೂ ಸೇರಿ ಒಂದು ವಾಸನೆ. ಗಂಜಿಯ ವಾಸನೆ ಇಲ್ಲದ ಜಾಗದಲ್ಲಿ ನಾನು ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ನ್ಯಾಯಾಧೀಶರು ಕೂಡುತ್ತಿದ್ದ ಎತ್ತರದ ಕಟ್ಟೆ ಹಾಗೇ ಇತ್ತು. ಅದರ ಎದುರಿಗೆ ಕಟ್ಟಿಗೆಯ ಕಟಕಟೆ. ಒಂದು ಕಾಲು ಮುರಿದಿದ್ದರೂ ಒಬ್ಬ ಹುಡುಗಿಯ ಭಾರ ತಾಳುತ್ತಿತ್ತು. ಎಲ್ಲಕ್ಕಿಂತ ದೊಡ್ಡದೆಂದರೆ ಅಲ್ಲಿನ ನಿಶ್ಶಬ್ದ. ಮಗ್ಗಗಳ ಸಪ್ಪಳ ದೂರದಲ್ಲಿ ಯಾರೋ ಹಿಟ್ಟು ನಾದುತ್ತಿದ್ದಾರೇನೋ ಅನ್ನುವಷ್ಟು ಮೆತ್ತಗೆ ಕೇಳುತ್ತಿತ್ತು. ನಾನು ಪುಸ್ತಕ ತೆರೆದೆ. ಸಾಲು ಓಡಿ ಹೋಗಲಿಲ್ಲ, ನಿಂತಲ್ಲೇ ನಿಂತಿತ್ತು. ಖರೇ ಹೇಳುತ್ತೇನೆ, ಆವತ್ತು ನನಗೆ ಆದ ಸಂತೋಷ ಮುಂದೆ ಡಿಗ್ರಿ ಕೈಗೆ ಬಂದಾಗಲೂ ಆಗಲಿಲ್ಲ.

ದಿನಾ ಸಾಲಿ ಬಿಟ್ಟ ಮೇಲೆ ದೀಪ ಹಚ್ಚುವ ಹೊತ್ತಿನವರೆಗೂ ನಮ್ಮ ಕಚೇರಿ ನಡೆಯುತ್ತಿತ್ತು. ಆಯಿ ಶೇಂಗಾ ಸುಲಿಯುವ ಕೆಲಸ ತಂದುಕೊಂಡು ನ್ಯಾಯಾಧೀಶರ ಕಟ್ಟೆಯ ಮೇಲೆ ಕೂಡುತ್ತಿದ್ದಳು. ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ, ದೊಡ್ಡ ದನಿಲೆ ಓದು ಅನ್ನುತ್ತಿದ್ದಳು. ಮೊದಲು ಓದಬೇಕು, ಆಮೇಲೆ ಪುಸ್ತಕ ಮುಚ್ಚಿ ಹೇಳಬೇಕು. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಹೇಳಿದ್ದು ಸರಿಯೋ ತಪ್ಪೋ ಅವಳಿಗೆ ತಿಳಿಯುವ ಹಾಗಿರಲಿಲ್ಲ. ಆದರೆ ಆ ಬೇವಿನ ಗಿಡದ ಕೆಳಗೆ ಕೂತು ಸಾಕ್ಷಿ ಹೇಳುವವರ ಮುಖಗಳನ್ನು ವರ್ಷಗಟ್ಟಲೆ ನೋಡಿದ್ದಳಲ್ಲ, ನಾನು ನಡುವೆ ತಡವರಿಸಿದರೆ, ಕಣ್ಣು ಮಾಳಿಗೆಗೆ ಹೋದರೆ, ಶೇಂಗಾ ಸುಲಿಯುವುದು ನಿಲ್ಲಿಸಿ, ಸುಳ್ಳ ಸಾಕ್ಷಿ, ಮುಂದಿನ ತಾರೀಖ ಅನ್ನುತ್ತಿದ್ದಳು. ಅಂದರೆ ಆ ಪಾಠ ನಾಳೆ ಮತ್ತೊಮ್ಮೆ. ತಡೆಯಿಲ್ಲದೆ ಹೇಳಿದರೆ, ಖುಲಾಸೆ ಎಂದು ಒಂದು ಹಿಡಿ ಶೇಂಗಾ ಕಟಕಟೆಯೊಳಗೆ ಸುರಿಯುತ್ತಿದ್ದಳು. ಬೀಜಗಣಿತಕ್ಕೆ ಎಷ್ಟು ತಾರೀಖು ಬಿದ್ದವೋ ದೇವರಿಗೇ ಗೊತ್ತು. ಒಮ್ಮೆ ನಾನು ಸಿಟ್ಟಿಗೆದ್ದು, ನಿನಗ ತಿಳಿಯೂದಿಲ್ಲ ಆಯೀ, ನೀ ಯಾಕ ತೀರ್ಪು ಕೊಡ್ತಿ ಅಂದೆ. ಇಲ್ಲಿ ಕೂಡತಿದ್ದ ಸಾಹೇಬರಿಗೂ ಎಲ್ಲಾ ತಿಳೀತಿತ್ತು ಅಂತ ಮಾಡೀಯೇನ ಅಂದಳು. ಇಬ್ಬರೂ ನಕ್ಕು ನಕ್ಕು ಪಾರಿವಾಳಗಳನ್ನೆಲ್ಲ ಹಾರಿಸಿಬಿಟ್ಟೆವು.

ನಾನು ಅಲ್ಲಿ ಓದುವುದು ಅಪ್ಪ ಅವ್ವನಿಗಷ್ಟೇ ಗೊತ್ತಿತ್ತು, ಈ ಜಾಗ ಬೇರೆಯವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದೂ ಆಯಿಯದೇ ಕೆಲಸ. ಇಸ್ಪೀಟು ಆಡಲು ತಂಪು ಜಾಗ ಹುಡುಕುವ ಗಂಡಸರು ಊರಲ್ಲಿ ಕಡಿಮೆ ಇರಲಿಲ್ಲ. ನೀರಿನ ನಳದ ಹತ್ತಿರ ಯಾರಾದರೂ ಕಚೇರಿಯ ಮಾತೆತ್ತಿದರೆ ಆಯಿ ಕೊಡ ಕೆಳಗಿಟ್ಟು, ನಿನ್ನಿ ಸಂಜೀಮುಂದನೂ ಕೂಗಿದಾನ ನೋಡವ್ವಾ, ಎರಡ ಸಲ, ಸ್ವಚ್ಛ ಕೇಳಿಸ್ತು ಅನ್ನುತ್ತಿದ್ದಳು. ಒಳಗೆ ಕೇಳುವ ಹೆಣ್ಣಿನ ದನಿ ಯಾವುದು ಎಂದು ಯಾರೋ ಕೇಳಿದ್ದಕ್ಕೆ, ಕೇಸು ಸೋತ ಹೆಣ್ಮಗಳು, ಈಗ ಅಪೀಲ ಮಾಡಾಕತ್ತಾಳ ಅಂದಳಂತೆ. ಆ ಹೆಣ್ಣಿನ ದನಿ ನನ್ನದು. ನಾನು ಆಮ್ಲ, ಪ್ರತ್ಯಾಮ್ಲ ಓದುತ್ತಿದ್ದೆ.

ಪರೀಕ್ಷೆಗೆ ಇನ್ನೂ ಕೆಲವು ವಾರ ಇದ್ದಾಗ, ಒಂದು ಇಳಿಹೊತ್ತು, ರೋಣದಿಂದ ಒಂದು ಮನೆತನದವರು ಹೇಳದೆ ಕೇಳದೆ ಬಂದರು. ನಮ್ಮವರೇ, ನೇಕಾರರೇ, ರೋಣದಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದರು. ಗಜೇಂದ್ರಗಡಕ್ಕೆ ಸೀರೆ ಒಯ್ಯಲು ಬಂದವರು ಹಾಗೇ ಹುಡುಗಿಯನ್ನೂ ನೋಡಿಕೊಂಡು ಹೋಗೋಣ ಎಂದುಕೊಂಡಿದ್ದರು. ಒಳ್ಳೆಯ ಜಾಗ, ಹುಡುಗ ಒಬ್ಬನೇ ಮಗ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ಅವರು ಒಪ್ಪಿದ್ದರೆ ಅಪ್ಪ ಇಲ್ಲ ಅನ್ನುವ ಸ್ಥಿತಿಯಲ್ಲಿ ಇರಲಿಲ್ಲ. ಪರೀಕ್ಷೆ, ಕಾಲೇಜು ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವ್ವ ಚಹಾಕ್ಕೆ ನೀರಿಟ್ಟಳು. ಅಪ್ಪ ಮಗ್ಗ ನಿಲ್ಲಿಸಿ, ಕರಕೊಂಡ ಬರತೇನ್ರಿ ಎಂದು ನನ್ನನ್ನು ಕರೆಯಲು ಕಚೇರಿಯ ಕಡೆ ಬಂದ.

ನಾನು ಕಟಕಟೆಯಲ್ಲಿ ನಿಂತು ದೊಡ್ಡ ದನಿಯಲ್ಲಿ ಹೃದಯದ ಪಾಠ ಓದುತ್ತಿದ್ದೆ. ಹೊರಗಿನಿಂದ ಕೂಗು ಕೇಳಿಸಿತು. ‘ರೇಣವ್ವಾ...’ ಪಾರಿವಾಳಗಳು ಸುಮ್ಮನಾದವು. ನಾನೂ ಓದು ನಿಲ್ಲಿಸಿದೆ. ಆಯಿಯ ಬೆರಳ ನಡುವೆ ಶೇಂಗಾ ಹಾಗೇ ನಿಂತಿತು. ಎರಡನೇ ಸಲ, ಸ್ವಲ್ಪ ಹತ್ತಿರದಿಂದ, ‘ರೇಣವ್ವಾ...’

“ಅಪ್ಪ ಕರಿಯಾಕತ್ತಾನ,” ಅಂದೆ ಪಿಸುಮಾತಿನಲ್ಲಿ.

“ಇರು. ಮೂರನೇದ್ದು ಬರ್ಲಿ.”

“ದನಿ ಅಪ್ಪಂದ ಐತಿ, ಆಯೀ.”

“ನನ್ನ ಮಗನ ದನಿ ನನಗ ಗೊತ್ತಿಲ್ಲೇನ? ಅಂವಾ ಹೌದೋ ಅಲ್ಲೋ ಅಂಬೂದು ಮೂರನೇದ್ದು ಹೇಳತೈತಿ. ನೀ ಓದು.”

ಓದಿದೆ. ದನಿ ಮೊದಲಿನಷ್ಟೇ ದೊಡ್ಡದು, ಒಂದು ಕಣ್ಣು ಪುಸ್ತಕದ ಮೇಲೆ, ಒಂದು ಕಿವಿ ಬಾಗಿಲ ಮೇಲೆ. ಒಂದು ಪುಟ ಮುಗಿಯಿತು, ಇನ್ನೊಂದು ಪುಟ ಮುಗಿಯಿತು. ಮೂರನೇ ಕೂಗು ಬರಲೇ ಇಲ್ಲ. ಪುಟ ತಿರುವುವಾಗ ಬೇವಿನ ಎಲೆ ಉದುರುವುದು ಕೇಳುತ್ತಿತ್ತು, ಅಷ್ಟೇ. ಹಾಗಾದರೆ ಕೂಗಿದವನು ಇಮಾಮಸಾಬನೇ! ಆಯಿಯ ಮುಖ ನೋಡಿದೆ. ಅವಳು ತಲೆ ತಗ್ಗಿಸಿ ಶೇಂಗಾ ಸುಲಿಯತೊಡಗಿದ್ದಳು. ನಗುತ್ತಿದ್ದಳೋ ಏನೋ, ಸೆರಗು ಅಡ್ಡ ಇತ್ತು. ಖುಲಾಸೆ ಎಂದು ಅವತ್ತು ಎರಡು ಹಿಡಿ ಹಾಕಿದಳು. ನಾನಿನ್ನೂ ಪುಸ್ತಕ ಮುಚ್ಚಿ ಏನೂ ಹೇಳಿರಲೇ ಇಲ್ಲ.

ಮನೆಗೆ ಬಂದಾಗ ಬೀಗರಾಗಬೇಕಾಗಿದ್ದವರು ಬಸ್ಸು ಹಿಡಿದು ಹೋಗಿದ್ದರು. ನಡೆದದ್ದನ್ನು ಅವ್ವ ಬಾಯಿಗೆ ಸೆರಗು ಹಚ್ಚಿಕೊಂಡು ಹೇಳಿದಳು. ಅಪ್ಪ ಒಬ್ಬನೇ ತಿರುಗಿ ಬಂದನಂತೆ. ಎಲ್ಲಿ ಹುಡುಗಿ ಎಂದು ಅವರು ಕೇಳಿದರು. ಕರೆದೆ, ಓ ಅನ್ನಲಿಲ್ಲ ಅಂದನಂತೆ. ಎಲ್ಲಿ ಕರೆದಿರಿ ಎಂದರೆ, ದೆವ್ವದ ಕಚೇರಿಯಲ್ಲಿ, ಅಲ್ಲೇ ಕೂತು ಓದುತ್ತಾಳೆ ಎಂದು ಇದ್ದದ್ದು ಇದ್ದಂತೆ ಹೇಳಿದನಂತೆ. ಹುಡುಗನ ಅಜ್ಜಿ ಚಹಾದ ಬಸಿ ಕೆಳಗಿಟ್ಟು, ಹಗಲೆಲ್ಲಾ ದೆವ್ವದ ಜೋಡಿ ಸಾಲಿ ಕಲಿಯೂ ಸೊಸಿನ ತಗೊಂಡ ಹೋಗಿ ನಾವೇನ ಮಾಡೂನ್ರಿ ಅಂದಳಂತೆ. ಆ ಮಾತನ್ನು ಅವ್ವ ಎಷ್ಟು ಸಲ ಆಡಿ ತೋರಿಸಿದಳೋ! ಅಪ್ಪ ಮಾತ್ರ ಮಗ್ಗದೊಳಗೆ ಇಳಿದು ಕೂತಿದ್ದ. ಅವನು ಬಂದಿದ್ದು ಖರೇ ಎಂದು ತಿಳಿದ ಮೇಲೆ ನನಗೆ ಒಂದೇ ಅರ್ಥ ಹೊಳೆಯಿತು. ಅಪ್ಪ ಅಂಜುಬುರುಕ. ಎರಡು ಸಲ ಕರೆಯುವುದರೊಳಗೆ ಧೈರ್ಯ ಮುಗಿದು ಓಡಿ ಬಂದಿದ್ದಾನೆ. ಓಣಿಯೂ ಹಾಗೇ ತಿಳಿಯಿತು. ಎಷ್ಟೋ ವರ್ಷ ಅವನನ್ನು, ಎರಡ ಕೂಗಿನ ಸಾವುಕಾರ್ರು ಬಂದ್ರು ಎಂದು ಚಾಷ್ಟಿ ಮಾಡುತ್ತಿದ್ದರು. ಅಪ್ಪ ನಕ್ಕು ಮುಂದೆ ಹೋಗುತ್ತಿದ್ದ. ಒಂದು ದಿನವೂ ಎದುರು ಮಾತಾಡಲಿಲ್ಲ.

ಪರೀಕ್ಷೆಯ ಫಲಿತಾಂಶದ ದಿನ ನಾನು ಸಾಲಿಯಿಂದ ಓಡಿ ಬರುವಾಗ ಆಯಿ ಬಾಗಿಲಲ್ಲೇ ನಿಂತಿದ್ದಳು. ತಾರೀಖೋ, ಖುಲಾಸೆಯೋ ಅಂತ ಕೇಳಿದಳು. ಖುಲಾಸೆ ಅಂದೆ. ಅವಳು ಒಳಗೆ ಹೋಗಿ, ಮಗ್ಗದ ಮೇಲಿದ್ದ ಅಪ್ಪನನ್ನು, ಅವನ ಕಟ್ಟಳೆ ಮುರಿದು, ಹೆಸರು ಹಿಡಿದು ಕರೆದಳು. ಒಂದೇ ಸಲ. ಅವನು ಮೊದಲನೇ ಕೂಗಿಗೇ ಓ ಅಂದ. ಎಳೆ ಹರಿಯಿತು. ಆ ಸೀರೆಯನ್ನು ಮಾರದೆ ಅವ್ವನೇ ಉಟ್ಟಳು. ನಂತರದ್ದೇನೂ ಹೂವಿನ ದಾರಿ ಆಗಿರಲಿಲ್ಲ. ಬೆಳಿಗ್ಗೆ ಕಂಡಿಕೆ ಸುತ್ತಿ, ಕೈಗೆ ಬಣ್ಣ ಮೆತ್ತಿಕೊಂಡೇ ಕಾಲೇಜಿಗೆ ಹೋದವಳು ನಾನು. ಇಂಗ್ಲಿಷಿನಲ್ಲಿ ಹೇಳುವ ಪಾಠ ಬೋರ್ಡಿನ ಮೇಲಿಂದ ಅಕ್ಷರ ಅಕ್ಷರ ಇಳಿಸಿಕೊಂಡು, ಕಚೇರಿಗೆ ಬಂದು ಕಟಕಟೆಯಲ್ಲಿ ನಿಂತು ಬಿಡಿಸಿಕೊಂಡವಳು. ಬಿ.ಎಸ್ಸಿ. ಆಯಿತು, ಬಿ.ಇಡಿ. ಆಯಿತು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸರ್ಟಿಫಿಕೇಟು ತಂದು ತೋರಿಸಿದಾಗ ಆಯಿ ಅದನ್ನು ತಿರುಗಾಮುರುಗಾ ಹಿಡಿದು ನೋಡಿ, ಮೂಸಿ, ಗಂಜಿ ಹಾಕ್ಯಾರೇನ ಇದಕ, ಎಷ್ಟ ಬಿರಸ ಐತಿ ಅಂದಳು. ಅದೇ ವರ್ಷದ ಸುಗ್ಗಿಯ ಹೊತ್ತಿಗೆ ಅವಳು ಹೋದಳು. ಹೊಸ ಶೇಂಗಾ ಮನೆಗೆ ಬಂದಿತ್ತು, ಸುಲಿಯುವವರಿರಲಿಲ್ಲ.

ಅವ್ವನೂ ಹೋದ ಮೇಲೆ ಅಪ್ಪ ನರಗುಂದದ ನನ್ನ ಮನೆಯಲ್ಲಿ ಕೆಲವು ವರ್ಷ ಇದ್ದ. ಸಂಜೆ ಮಾಳಿಗೆಯ ಮೇಲೆ ಕೂತು ನರಗುಂದದ ಗುಡ್ಡ ನೋಡುವುದು ಅವನಿಗೆ ಇಷ್ಟ. ನಮ್ಮೂರ ಗುಡ್ಡಕ್ಕ ಇದು ಬೀಗರ ಪೈಕಿ ಇದ್ದಂಗೈತಿ ಅನ್ನುತ್ತಿದ್ದ. ಒಂದು ಸಂಜೆ ನಾನು ಅವನ ಪಕ್ಕದಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಂದು ಹುಡುಗಿ ಹೃದಯದ ಚಿತ್ರ ಬಿಡಿಸಿದ್ದಳು, ಚಂದ ಬಿಡಿಸಿದ್ದಳು. ಅಪ್ಪ ಬಗ್ಗಿ ನೋಡಿದ. ಬೆರಳಿನಿಂದ ಅದರೊಳಗಿನ ಗೆರೆ ಮುಟ್ಟಿ ಒಂದು, ಎರಡು, ಮೂರು, ನಾಕು ಎಂದು ಎಣಿಸಿದ.

“ನಾಕ ಖೋಲಿ,” ಅಂದ. “ಅವತ್ತ ನೀ ಇದನ್ನ ಓದಾಕತ್ತಿದ್ದಿ ನೋಡು. ಹೃದಯದಾಗ ನಾಕ ಖೋಲಿ ಅದಾವು ಅಂತ.”

ಯಾವತ್ತು ಎಂದು ಕೇಳಿದೆ.

“ರೋಣದವ್ರು ಬಂದಿದ್ದ ದಿನಾ. ಎರಡ ಸಲ ಕರದೆ. ಮೂರನೇದಕ್ಕ ಬಾಯಿ ತಗದಿದ್ದೆ, ಅಷ್ಟರೊಳಗ ಮತ್ತ ಓದಾಕ ಸುರು ಮಾಡಿದಿ. ಬೇವಿನ ಗಿಡದ ಕೆಳಗ ನಿಂತ ಕೇಳಿದೆ. ನಮ್ಮ ಮನಿಗೇ ಎರಡ ಖೋಲಿ. ಒಳಗ ನಾಕ ಖೋಲಿ ಇಟಗೊಂಡ ಓದೂ ಹುಡುಗಿನ ಎದಕ್ಕ ಕರೀಲಿ, ಲಾಳಿ ನಡುದಾರ್ಯಾಗ ಇತ್ತಲ್ಲ? ಎಳಿ ಹರಿಯೂದು ಬ್ಯಾಡಂತ ತಿರುಗಿ ಹ್ವಾದೆ.”

ಅಷ್ಟು ಉದ್ದ ಮಾತಾಡಿದ್ದು ಅವನ ಜೀವಮಾನದಲ್ಲೇ ಅದೊಂದು ಸಲ ಇರಬೇಕು. ಮತ್ತ ಓಣ್ಯಾಗ ಎಲ್ಲಾರೂ ನಿನಗ ಅಂಜುಬುರುಕ ಅಂತಿದ್ರಲ್ಲ, ಹೇಳಬೇಕಿಲ್ಲೇನ ಅಂದೆ. ಅಂದ್ರ ಅನ್ನಲಿ ಬಿಡು, ಹುಡುಗಿ ಪಾಸಾತಲ್ಲ ಅಂದ. ಮತ್ತೆ ಗುಡ್ಡದ ಕಡೆ ತಿರುಗಿದ. ನಾನು ಆ ಹುಡುಗಿಯ ಚಿತ್ರಕ್ಕೆ ಪೂರಾ ಅಂಕ ಕೊಟ್ಟೆ. ಒಂದು ಹೆಸರು ತಪ್ಪು ಬರೆದಿದ್ದಳು, ನೋಡದ ಹಾಗೆ ಮಾಡಿದೆ.

ಬಸ್ಸು ಗಜೇಂದ್ರಗಡದ ಸ್ಟ್ಯಾಂಡಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಸ್ಟ್ಯಾಂಡಿನ ಗದ್ದಲ ದಾಟಿ ಓಣಿಗೆ ನಡೆದೆ. ಮಗ್ಗದ ಸಪ್ಪಳ ಒಂದೇ ಮನೆಯಿಂದ ಬರುತ್ತಿತ್ತು. ನಮ್ಮ ಮನೆಗೆ ಬೀಗ. ಅವತ್ತಿನಿಂದ ಅದು ಕಾಗದದ ಮೇಲೂ ನನ್ನದು. ಕಟ್ಟೆಯ ಮೇಲೆ ಆಡುತ್ತಿದ್ದ ಒಂದು ಮಗುವನ್ನು ಅದರ ತಾಯಿ ಒಂದೇ ಸಲ ಕರೆದಳು, ಅದು ಕೂಡಲೇ ಓ ಅಂದು ಓಡಿತು. ಇಮಾಮಸಾಬನ ರೀತಿ ಓಣಿಯಿಂದ ಯಾವಾಗ ಹೋಯಿತೋ ತಿಳಿಯದು. ಕಚೇರಿ ಮಾತ್ರ ಇತ್ತು. ಮಾಡು ಒಂದು ಕಡೆ ಕುಸಿದಿತ್ತು, ಬಾಗಿಲಿಗೆ ತಂತಿ ಸುತ್ತಿದ್ದರು. ಬೇವಿನ ಗಿಡ ಇನ್ನೂ ಬಾಗಿ, ಅರ್ಧ ಮಾಳಿಗೆಯನ್ನು ತನ್ನ ಕೆಳಗೆ ತೆಗೆದುಕೊಂಡಿತ್ತು. ತಂತಿಯ ಸಂದಿಯಿಂದ ನೋಡಿದರೆ ಕಟಕಟೆ ಇರಲಿಲ್ಲ, ನ್ಯಾಯಾಧೀಶರ ಕಟ್ಟೆ ಇತ್ತು. ಅದರ ಮೇಲೆ ಒಂದು ಕರಿ ಬೆಕ್ಕು ಕೂತು ನನ್ನನ್ನು ನೋಡಿತು. ಪಟ್ಟೇವಾಲನ ವಂಶದ್ದೇ ಇರಬೇಕು. ನನಗೆ ನಗು ಬಂತು. ಮಜ್ಜಿಗೆ ತಂದಿಲ್ಲಪಾ ಅಂದೆ.

ಅಪ್ಪ ನಿಂತಿದ್ದನಲ್ಲ, ಅದೇ ಬೇವಿನ ಬುಡದಲ್ಲಿ ನಿಂತುಕೊಂಡೆ. ರೋಣದ ಜವಾನನ ರಾಗ ಇನ್ನೂ ಕಿವಿಯಲ್ಲಿತ್ತು. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು, ‘ಅಪ್ಪಾ... ಹಾಜರ್?’ ಎಂದು ಕೂಗಿದೆ. ಪಾರಿವಾಳಗಳು ಸುಮ್ಮನಾದವು. ಎರಡನೇ ಸಲ ಕೂಗಿದೆ. ದನಿ ಗುಡ್ಡಕ್ಕೆ ಬಡಿದು ಮೆತ್ತಗೆ ತಿರುಗಿ ಬಂತು. ಮೂರನೇದಕ್ಕೆ ಉಸಿರು ಎಳೆದುಕೊಂಡೆ. ಆ ಒಂದೇ ಮನೆಯ ಮಗ್ಗದ ಸಪ್ಪಳ ಅಲ್ಲಿಯವರೆಗೂ ಕೇಳುತ್ತಿತ್ತು. ಎಲ್ಲಿದ್ದರೂ ಅವನು ಮಗ್ಗದ ಮೇಲೇ ಇರುತ್ತಾನೆ, ಕೈಯಲ್ಲಿ ಲಾಳಿ ಇರುತ್ತದೆ. ಉಸಿರು ಹಾಗೇ ಬಿಟ್ಟೆ. ಕೂಗಲಿಲ್ಲ. ಸೆರಗು ಸರಿಮಾಡಿಕೊಂಡು, ಸಪ್ಪಳವಾಗದಂತೆ ತಿರುಗಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.